ಹಡಗಿನ ಗೆರೆಗಳು

ಅವಳು ಬಣ್ಣ ಕರಗಿಸುವ ಥಿನ್ನರಿನಲ್ಲಿ ಗಂಡನ ಬ್ರಷ್ಷುಗಳನ್ನು ತೊಳೆಯುತ್ತಿದ್ದಳು. ಅವನು ಪ್ಲಾಸ್ಟಿಕ್ ಹಡಗನ್ನು ಬೆಳಕಿಗೆ ಹಿಡಿದಿದ್ದ. ಮಗ ಕೆಲಸಕ್ಕಿದ್ದ ಹಡಗಿನ ಮಾದರಿ ಅದು. ನಿಜವಾದದ್ದು ಮುಳುಗಿ ಮೂರು ವರ್ಷ. ಮಗನ ಹೆಣವೂ ಸಿಕ್ಕಿರಲಿಲ್ಲ.

"ಸೊಸೆ ಮತ್ತೆ ಫೋನ್ ಮಾಡಿದ್ಲು. ಮಗ ಇನ್ನಿಲ್ಲ, ನೀನು ಬೇರೆ ಮದುವೆಯಾಗು ಅಂತ ನಾವು ಬರೆದು ಕಳಿಸೋ ತನಕ ಅವಳು ಆಗಲ್ವಂತೆ," ಎಂದ ಅವನು.

"ಬರೆದಿಟ್ಟಾಗಿದೆಯಲ್ಲ. ಹಡಗು ಮುಗಿದ ದಿನ ಕಳಿಸೋಣ ಅಂದೋರು ನೀವೇ."

"ಸಂದುಗಳಿಗೆ ಕಪ್ಪು ಬಣ್ಣ ಹರಿಸಿ ಗೆರೆ ಮೂಡಿಸೋದೊಂದೇ ಬಾಕಿ. ಮೂಡಿಸಿದ್ದು ಬೆಳಗಾಗೋದ್ರಲ್ಲಿ ಅಳಿಸಿಹೋಗಿರತ್ತೆ."

"ಬಣ್ಣವೇ ಕಳಪೆ ರೀ. ಅಂಗಡಿಯವನು ನಿಮಗೆ ಟೋಪಿ ಹಾಕಿದಾನೆ."

"ಅವನನ್ನ ಬೈಬೇಡ ಪಾಪ," ಎಂದು ಅವನು ಹಡಗನ್ನು ಅವಳ ಕೈಗಿಟ್ಟ. ಒಂದು ಗೆರೆಯೂ ಮಾಸಿರಲಿಲ್ಲ.

"ನಿನ್ನೆ ಗೆರೆ ಒಣಗಿದ ಮೇಲೆ ವಾರ್ನಿಷ್ ಹೊಡೆದೆ ಕಣೇ. ಇನ್ನು ನೀನು ರಾತ್ರಿ ಎದ್ದು ಎಷ್ಟು ಥಿನ್ನರ್ ಹಾಕಿ ಉಜ್ಜಿದ್ರೂ ಹೋಗಲ್ಲ."

ಅವಳು ಹಡಗನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎದ್ದು, ಕಪ್ಪು ಕಲೆಗಳು ಕಾಣದಂತೆ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ಹೋಗಿ ಸೊಸೆಗೆ ಬರೆದಿಟ್ಟಿದ್ದ ಕಾಗದವನ್ನು ಅಂಚೆಗೆ ಹಾಕಿ ಬಂದಳು.