ಬೆರಳಿನ ಬೂದಿ

ಒಲೆಯ ಬೂದಿಯ ವಾಸನೆ ಬಂದರೆ ಈಗಲೂ ಹಲ್ಲು ಕಡಿಯುತ್ತೇನೆ.

ಕೋಯಮತ್ತೂರಿನ ಹತ್ತಿರದ ಸಿರುಮುಗೈಯ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಅಪ್ಪ ಅಮ್ಮ ಮಗ್ಗದ ಹಳೆಯ ಎಳೆಗಳಿಗೆ ಹೊಸ ಪಾವಿನ, ಅಂದರೆ ಹಾಸಿನ, ಎಳೆಗಳನ್ನು ಸೇರಿಸುತ್ತಿದ್ದರು. ರೇಷ್ಮೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆಯನ್ನು ಹೊಸೆಯಬೇಕು. ಒಮ್ಮೆ ಕೂತರೆ ನಡುವೆ ಏಳಬಾರದು ಎಂಬುದು ನಮ್ಮವರ ಕಟ್ಟಳೆ. ತಮ್ಮನನ್ನು ವ್ಯಾನು ಬರುವ ಇಂಗ್ಲಿಷ್ ಶಾಲೆಗೆ ಆಗಲೇ ಸೇರಿಸಿದ್ದರು. ನಾನು ಸರ್ಕಾರಿ ಶಾಲೆಯಿಂದ ಊಟಕ್ಕೆ ಬಂದಿದ್ದೆ.

“ಗವರ್ಮೆಂಟ್ ಪಳ್ಳಿಕೂಡದಲ್ಲಿ ಏನ್ ಮಣ್ಣು ಕಲಿಸ್ತಾರೆ? ಕೋಯಮತ್ತೂರಲ್ಲಿ ದೊಡ್ಡೋರೇ ಈಗ ಮಕ್ಕಳನ್ನ ಮನೇಲಿ ಓದಿಸ್ತಾರೆ. ಇವಳೂ ಮನೇಲೇ ಓದ್ಲಿ,” ಎಂದ ಅಪ್ಪ, ಬೂದಿಯಿದ್ದ ತೆಂಗಿನ ಚಿಪ್ಪನ್ನು ನನ್ನತ್ತ ಸರಿಸಿದರು. “ಬಾ ಕಣ್ಣು, ನಿನ್ನ ಬೆರಳು ಸಣ್ಣದು.”

ಬೂದಿ ಇನ್ನೂ ಬೆಚ್ಚಗಿತ್ತು. ನಾನು ಎರಡು ಬೆರಳು ಅದ್ದಿದೆ.

“ಯಾರು ಹೇಳ್ಕೊಡೋದು?” ಅಮ್ಮ ಕೇಳಿದಳು.

“ನೀನಿಲ್ವಾ?”

ಅಮ್ಮ ಎದ್ದಳು. ಬೂದಿ ಮೆತ್ತಿದ ಕೈಗಳನ್ನು ಅಪ್ಪನ ಮುಖಕ್ಕೆ ಹಿಡಿದಳು. “ನಮ್ಮಪ್ಪನೂ ಮನೇಲೇ ಓದು ಅಂತ ನನ್ನ ಪಳ್ಳಿಕೂಡ ಬಿಡ್ಸಿದ್ರು. ನೋಡಿ, ಇದೇ ನಾ ಓದಿದ್ದು!”

ಚಿಪ್ಪನ್ನು ಅಂಗಳಕ್ಕೆ ಎಸೆದಳು. ಅಪ್ಪ ಕೂಗಾಡುತ್ತಿದ್ದಂತೆಯೇ ನನ್ನನ್ನು ತೊಟ್ಟಿಯ ಬಳಿಗೆ ಎಳೆದೊಯ್ದು, ಆ ಎರಡು ಬೆರಳನ್ನು ತೆಂಗಿನ ನಾರಿನಿಂದ ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಆಮೇಲೆ ದರದರನೆ ಎಳೆದುಕೊಂಡು ಹೋಗಿ ಸರ್ಕಾರಿ ಶಾಲೆಯ ಗೇಟಿನೊಳಗೆ ನೂಕಿದಳು.

“ಹೋಗು. ಇನ್ನೊಂದ್ಸಲ ಬೂದಿ ಮುಟ್ಟಿದ್ರೆ ಬೆರಳು ಮುರೀತೀನಿ.”