ಹರಕೆಯ ಮುಡಿ

ಕ್ಯಾನ್ಸರಿನ ಕಿಮೊ ಮುಗಿದ ಮೇಲೆ ತಲೆಯಲ್ಲಿ ಬೆರಳುದ್ದ ಕೂದಲು ಕಾಣಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಹುಬ್ಬು ಅರ್ಧ ಬಂದು ಮುನಿಸಿಕೊಂಡು ನಿಂತಿತ್ತು. ರೆಪ್ಪೆಯಲ್ಲಿ ಇನ್ನೂ ನಾಲ್ಕು ಎಳೆಯೂ ಇಲ್ಲ, ದೇವರ ಬೆಟ್ಟದ ದೂಳೆಲ್ಲ ನೇರ ಕಣ್ಣಿಗೇ ಬೀಳುತ್ತಿತ್ತು. ಅಂಥವಳನ್ನು ತಂದು ಮುಡಿ ತೆಗೆಯುವ ಕಟ್ಟೆಯ ಮೇಲೆ ಕೂರಿಸಿದ್ದರು.

"ಈಗಷ್ಟೇ ಬಂದಿದೆ ಅತ್ತೆ. ಇದನ್ನೂ ಬೋಳಿಸಬೇಕಾ?"

"ದೇವರಿಗೆ ಹೇಳಿಕೊಂಡಾಗಿದೆ, ಕೊಟ್ಟುಬಿಡು ತಾಯಿ."

"ನನ್ನ ಒಂದು ಮಾತು ಕೇಳಿದ್ರಾ?"

ಗಂಡ ಜೇಬಿನ ಬಾಚಣಿಗೆ ತೆಗೆದು ತನ್ನ ಒತ್ತಾದ ಕ್ರಾಪಿನ ಮೇಲೆ ಆಡಿಸಿದ. "ಕೂದಲು ತಾನೆ? ಮತ್ತೆ ಬರುತ್ತೆ ಕಣೆ."

"ಹೇಗೆ ಬಂತು ಅಂತ ನೀವೇ ನೋಡಿದ್ರಲ್ಲ."

"ನಿನ್ನ ಜೀವ ಉಳೀಲಿ ಅಂತ ತಾನೆ ಹರಕೆ ಹೊತ್ತಿದ್ದು?"

"ಹೊತ್ತವರು ಯಾರು?"

"ನಾನೇ," ಅಂದ ಗಂಡ, ಎದೆ ಉಬ್ಬಿಸಿ. "ಆಸ್ಪತ್ರೆಯಲ್ಲಿ ನೀನು ಬೋಳುತಲೆಯಲ್ಲಿ ಮಲಗಿದ್ದೆ. ಮಂಚದ ಪಕ್ಕ ನಾನೊಬ್ಬನೇ ನಿಂತು ಕೈ ಮುಗಿದೆ. ಇವಳನ್ನ ಉಳಿಸಿಕೊಡಪ್ಪ, ಬಂದು ಮುಡಿ ಕೊಡ್ತೀವಿ ಅಂದೆ."

ಕ್ಷೌರಿಕ ಚೊಂಬಿನ ನೀರಿಗೆ ಕೈ ಅದ್ದಿದ. ಅವಳು ಎದ್ದು, ಗಂಡನ ತೋಳು ಹಿಡಿದು ತಾನು ಕೂತಿದ್ದ ಜಾಗದಲ್ಲಿ ಕೂರಿಸಿದಳು.

"ಇವರ ತಲೆಗೆ ನೀರು ಹಚ್ಚಣ್ಣ. ಹರಕೆ ಹೊತ್ತ ಹೊತ್ತಿನಲ್ಲಿ ಆ ಮಂಚದ ಹತ್ತಿರ ಕೂದಲಿದ್ದದ್ದು ಇವರ ತಲೇಲಿ ಮಾತ್ರ."