ಶಾಂಭವಿಯ ಮನೆಯ ತಂಪು

ಅತ್ತೆ ಸೋನಾಬಾಯಿ ಪಕ್ಕದ ಮನೆಯ ಶಾಂಭವಿಯ ಮಂಚದ ಮೇಲೆ ಹಾಯಾಗಿ ನಿದ್ದೆ ಹೋಗಿದ್ದನ್ನು ಸುಹಾಸಿನಿ ಬಾಗಿಲಲ್ಲೇ ನಿಂತು ನೋಡಿದಳು. ಈ ಬೇಸಿಗೆಯಲ್ಲಿ ತನ್ನ ಮನೆಯಲ್ಲಿ ಒಂದು ಮಧ್ಯಾಹ್ನವೂ ಅವರು ಹೀಗೆ ಕಣ್ಣು ಮುಚ್ಚಿರಲಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಬೀಸಿ ಅವಳ ಕೈಗಳು ಸೋತಿದ್ದವು. ಶಾಂಭವಿ ಮಾತ್ರ ಎ.ಸಿ. ಹಾಕಿಸಿ, ಒಂದು ಗುಂಡಿ ಒತ್ತಿ ಅತ್ತೆಯನ್ನು ಒಲಿಸಿಕೊಂಡಿದ್ದಳು. ಆ ಎ.ಸಿ.ಯ ಬಿಸಿಗಾಳಿಯೆಲ್ಲ ಸುಹಾಸಿನಿಯ ಅಡುಗೆಮನೆ ಕಿಟಕಿಗೇ ಬಡಿಯುತ್ತಿತ್ತು.

"ಏಳ್ರಿ ಅತ್ತಿ, ಮನಿಗೆ ಹೋಗೂಣು," ಎಂದಳು ಬಿರುಸಾಗಿ.

ಸೋನಾಬಾಯಿ ಅರೆಗಣ್ಣು ತೆರೆದರು. "ಮೊದಲ ಬೆಳಗಾವ್ಯಾಗ ಫ್ಯಾನ್ ಸುದ್ದಾ ಬೇಕಾಗತಿರಲಿಲ್ಲ ನೋಡವಾ. ಈಗ ಈ ಖೋಲಿ ಒಂದ ಖಾನಾಪುರದ ನನ್ನ ತವರಮನಿ ಹಂಗ ತಂಪ ಐತಿ. ಶಾಂಭವಿ ನನಗ ಮಗಳಿದ್ದಂಗ."

ಮದುವೆಯಾಗಿ ಬಂದಾಗಿನಿಂದ ಸುಹಾಸಿನಿಗೆ ಆ ಮಾತು ಸಿಕ್ಕಿರಲಿಲ್ಲ.

"ಹೊರಗ್ಯಾಕ ನಿಂತೀರಿ ವೈನಿ, ಒಳಗ ಬರ್ರಿ," ಎಂದು ಶಾಂಭವಿ ಕರೆದಳು.

ಅತ್ತೆಯನ್ನು ಕೈಹಿಡಿದು ಎಬ್ಬಿಸಲೆಂದೇ ಸುಹಾಸಿನಿ ಒಳಗೆ ಕಾಲಿಟ್ಟಳು. ಬೆವೆತ ಕೊರಳಿಗೆ ತಣ್ಣನೆಯ ಗಾಳಿ ಸೋಕಿತು. ಅವಳು ಮೆಲ್ಲಗೆ ಅತ್ತೆಯ ಕಾಲ ಬಳಿ ಕುಳಿತುಬಿಟ್ಟಳು.

"ಆ ಬಾಗಲಾ ಮುಚ್ಚರಿ," ಎಂದಳು ಶಾಂಭವಿಯ ಮುಖ ನೋಡದೆ. "ತಂಪೆಲ್ಲಾ ಹೊರಗ ಹೋಗಾಕತ್ತೈತಿ."